ಹಸಿ ಆಹಾರ: ಬೇರೆ ಬೇರೆ ತಿನ್ನಬೇಕಾ, ಬೆರೆಸಿ ತಿನ್ನಬಹುದಾ?

ಬೇಯಿಸದ ಆಹಾರ ತಿನ್ನುವವರು ಒಂದು ನಿಯಮ ಹೇಳುತ್ತಾರೆ. ಹಣ್ಣನ್ನು ಒಂಟಿಯಾಗಿಯೇ ತಿನ್ನಬೇಕು, ಕಾಳಿಗೆ ಹುಳಿ ಸೇರಿಸಬಾರದು, ಪಿಷ್ಟ ಮತ್ತು ಪ್ರೋಟೀನ್ ಒಂದೇ ಹೊತ್ತಿಗೆ ಬೇಡ. ಇದು ಸರಿಯಾ? ತುಮಕೂರಿನಲ್ಲಿರುವ ಅಕ್ಕ ಹೌದು ಅನ್ನುತ್ತಾರೆ. ಚಿಂತಾಮಣಿಯಲ್ಲಿ ಹೈಸ್ಕೂಲ್ ವಿಜ್ಞಾನದ ಮೇಷ್ಟ್ರಾಗಿರುವ ತಮ್ಮ ಇಲ್ಲ ಅನ್ನುತ್ತಾರೆ.

ಪರ

ನನ್ನ ಹೊಟ್ಟೆಯ ಕಥೆಯಿಂದಲೇ ಶುರು ಮಾಡುತ್ತೇನೆ. ಎಷ್ಟೋ ವರ್ಷ ಊಟ ಆದ ಅರ್ಧ ಗಂಟೆಗೆ ನನಗೆ ಹೊಟ್ಟೆ ಉಬ್ಬರಿಸುತ್ತಿತ್ತು. ಹುಳಿತೇಗು ಬೇರೆ. ಮದುವೆ ಮನೆಗೆ ಹೋದರೆ ಎರಡನೇ ಸಲ ಬಡಿಸುವುದಕ್ಕೆ ಬಂದವರನ್ನು ಕಂಡರೇ ಭಯ. ಮಾತ್ರೆ ನುಂಗಿದ ದಿನ ಪರವಾಗಿಲ್ಲ, ಬಿಟ್ಟ ದಿನ ಮತ್ತೆ ಅದೇ.

ಮೂರು ವರ್ಷದ ಹಿಂದೆ ಬೆಳಿಗ್ಗೆ ಮತ್ತು ರಾತ್ರಿ ಹಸಿ ಆಹಾರ ಶುರು ಮಾಡಿದೆ. ಮಧ್ಯಾಹ್ನ ಮಾತ್ರ ಒಲೆ ಹಚ್ಚುತ್ತಿದ್ದೆ. ಮೊದಲ ತಿಂಗಳು ಇನ್ನೂ ಜಾಸ್ತಿ ಕಷ್ಟವಾಯಿತು. ಯಾಕೆ ಅಂದ್ರೆ ಒಂದು ದೊಡ್ಡ ಬಟ್ಟಲಲ್ಲಿ ಎಲ್ಲಾ ಹಾಕಿಕೊಳ್ಳುತ್ತಿದ್ದೆ. ಮೊಳಕೆ ಬಂದ ಹೆಸರುಕಾಳು, ಬಾಳೆಹಣ್ಣು, ದಾಳಿಂಬೆ, ಸೌತೆಕಾಯಿ, ನೆನೆಸಿದ ಕಡಲೆಕಾಯಿ ಬೀಜ. ನೋಡೋಕೆ ಚೆಂದ. ತಿಂದ ಮೇಲೆ ಹೊಟ್ಟೆ ಮದ್ದಳೆ ಆಗುತ್ತಿತ್ತು.

ಆಮೇಲೆ ಒಂದು ಹೊತ್ತಿಗೆ ಒಂದೇ ಪದಾರ್ಥ ಅಂತ ಮಾಡಿಕೊಂಡೆ. ಬೆಳಿಗ್ಗೆ ಪರಂಗಿಹಣ್ಣು ಅಂದ್ರೆ ಬರೀ ಪರಂಗಿಹಣ್ಣು. ರಾತ್ರಿ ಮೊಳಕೆಕಾಳು ಅಂದ್ರೆ ಅಷ್ಟೇ. ಹದಿನೈದು ದಿನದಲ್ಲಿ ವ್ಯತ್ಯಾಸ ಗೊತ್ತಾಯಿತು.

ಇದರಿಂದ ಇನ್ನೊಂದು ಲಾಭವೂ ಆಯಿತು. ನನಗೆ ಯಾವುದು ಆಗಲ್ಲ ಅನ್ನೋದು ತಿಳಿಯಿತು. ಹತ್ತು ಬಗೆ ಬೆರೆಸಿ ತಿಂದರೆ ಯಾವುದನ್ನು ದೂರೋದು? ತಮ್ಮ ಪ್ರತಿ ವರ್ಷ ಮೇ ತಿಂಗಳಲ್ಲಿ ಶ್ರೀನಿವಾಸಪುರದ ಮಾವಿನಹಣ್ಣು ಕಳಿಸುತ್ತಾನೆ. ಮುದ್ದೆ, ಬಸ್ಸಾರು ಉಂಡ ಮೇಲೆ ಎರಡು ಬಾದಾಮಿ ಹಣ್ಣು ತಿಂದರೆ ಆ ಸಂಜೆ ನನ್ನ ಪಾಡು ಬೇಡ. ಅದೇ ಹಣ್ಣನ್ನು ನಾಲ್ಕು ಗಂಟೆಗೆ ಬರೀ ಹೊಟ್ಟೆಯಲ್ಲಿ ತಿಂದರೆ ಏನೂ ಆಗಲ್ಲ. ಮಾವು, ಕಲ್ಲಂಗಡಿ ಇಂಥ ಹಣ್ಣುಗಳಲ್ಲಿ ಫ್ರಕ್ಟೋಸ್ ಅನ್ನೋ ಸಕ್ಕರೆ ಜಾಸ್ತಿ. ಕೆಲವರ ಸಣ್ಣಕರುಳು ಅದನ್ನು ಪೂರ್ತಿ ಹೀರಿಕೊಳ್ಳಲ್ಲ. ಉಳಿದದ್ದು ದೊಡ್ಡಕರುಳಿಗೆ ಹೋಗಿ ಅಲ್ಲಿರುವ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕಿ ಗ್ಯಾಸ್ ಆಗುತ್ತೆ. ಕಾಳಿನಲ್ಲೂ ಹಾಗೇ ಜೀರ್ಣವಾಗದ ಸಕ್ಕರೆಗಳಿವೆ. ಎರಡನ್ನೂ ಒಂದೇ ಹೊತ್ತಿಗೆ ಸೇರಿಸಿದರೆ ನನ್ನಂಥ ಹೊಟ್ಟೆಗೆ ಎರಡು ಭಾರ ಒಟ್ಟಿಗೆ ಹೊರಿಸಿದ ಹಾಗೆ.

ಅಗಿಯುವುದರ ಬಗ್ಗೆಯೂ ಹೇಳಬೇಕು. ಹಸಿ ಕಾಳು, ಹಸಿ ಕ್ಯಾರೆಟ್ ಬೆಂದ ಅನ್ನದ ಹಾಗಲ್ಲ. ಚೆನ್ನಾಗಿ ಅಗಿಯದಿದ್ದರೆ ಇದ್ದ ಹಾಗೇ ಹೊರಗೆ ಹೋಗುತ್ತೆ. ಬಟ್ಟಲಲ್ಲಿ ಮೆತ್ತಗಿನ ಬಾಳೆಹಣ್ಣೂ ಇದ್ದರೆ ಅದರ ಜೊತೆ ಕಾಳನ್ನೂ ಸುಮ್ನೆ ನುಂಗಿಬಿಡುತ್ತೇವೆ. ಒಂದೇ ಪದಾರ್ಥ ಇದ್ದಾಗ ಹಲ್ಲು ತನ್ನ ಕೆಲಸ ಮಾಡುತ್ತೆ. ಸಾಕು ಅನ್ನೋದೂ ಬೇಗ ಬರುತ್ತೆ. ಎಲೆಯ ತುಂಬಾ ಬಗೆ ಬಗೆ ಇದ್ದರೆ ಹಸಿವಿಗಿಂತ ಜಾಸ್ತಿ ತಿನ್ನುತ್ತೇವೆ, ಅಲ್ವಾ?

ಬೆರೆಸಿದರೆ ಹೊಟ್ಟೆಯೊಳಗೆ ಕೊಳೆಯುತ್ತೆ ಅಂತ ಕೆಲವರು ಹೆದರಿಸುತ್ತಾರೆ. ನಾನು ಹಾಗೆ ಹೇಳಲ್ಲ. ಆದರೆ ಯಾವುದರ ಜೊತೆ ಯಾವುದು ಅಂತ ಯೋಚಿಸುವುದು ನಮಗೆ ಹೊಸದೇನಲ್ಲ. ಚರಕ ಸಂಹಿತೆಯಲ್ಲೇ ಹಾಲು-ಮೀನು, ಹಾಲು-ಹುಳಿಹಣ್ಣು ವಿರುದ್ಧ ಆಹಾರ ಅಂತ ಇದೆ. ಬೇರೆ ಮಾಡಿ ತಿನ್ನೋಕೆ ಒಂದು ಪೈಸೆ ಖರ್ಚಿಲ್ಲ. ಹೊಟ್ಟೆ ಕೈಕೊಟ್ಟವರು ಒಂದು ತಿಂಗಳು ಮಾಡಿ ನೋಡಲಿ.

ವಿರೋಧ

ಅಕ್ಕನ ಸಂಕಟ ನಾನು ಕಣ್ಣಾರೆ ನೋಡಿದ್ದೇನೆ. ಅವಳಿಗೆ ಈಗ ಆರಾಮ ಇದೆ ಅನ್ನೋದೂ ನಿಜ. ಆದರೆ ಅವಳಿಗೆ ಆರಾಮ ಕೊಟ್ಟದ್ದು ಈ ನಿಯಮ ಅಂತ ನನಗೆ ಅನಿಸುವುದಿಲ್ಲ.

ನಮ್ಮಮ್ಮ ರಾಮನವಮಿಗೆ ಕೋಸಂಬರಿ ಮಾಡುತ್ತಿದ್ದಳು. ಹೆಸರುಬೇಳೆಯನ್ನು ಎರಡು ಗಂಟೆ ನೆನೆಸಿ, ಒಂದು ಬೇಳೆ ತೆಗೆದು ಉಗುರಲ್ಲಿ ಒತ್ತಿ ನೋಡುವಳು. ಟಪ್ಪನೆ ಮುರಿದರೆ ಹದ. ನೀರು ಬಸಿದು, ಸೌತೆಕಾಯಿ ಸಣ್ಣಗೆ ಹೆಚ್ಚಿ, ಕ್ಯಾರೆಟ್ ತುರಿ, ಕಾಯಿತುರಿ ಹಾಕಿ ಕಲಸುವಳು. ಬಡಿಸುವ ಹೊತ್ತಿಗೆ ಉಪ್ಪು. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟುಕೊಳ್ಳುತ್ತೆ. ಕೊನೆಗೆ ಅರ್ಧ ನಿಂಬೆಹಣ್ಣು. ಒಗ್ಗರಣೆ ಬಿಟ್ಟರೆ ಇದು ಪೂರ್ತಿ ಹಸಿ ಆಹಾರವೇ.

ಬೇರ್ಪಡಿಸುವವರ ಲೆಕ್ಕದಲ್ಲಿ ಇದು ತಪ್ಪಿನ ಮೂಟೆ. ಕಾಳಿನ ಜೊತೆ ಹುಳಿ, ಪ್ರೋಟೀನ್ ಜೊತೆ ಪಿಷ್ಟ, ಮೇಲೆ ಕೊಬ್ಬು. ಆದರೆ ಒಂದೊಂದಾಗಿ ನೋಡಿ. ಬೇಳೆಯಲ್ಲಿರುವ ಕಬ್ಬಿಣ ನಮ್ಮ ಮೈಗೆ ಸುಲಭವಾಗಿ ಹತ್ತುವುದಿಲ್ಲ. ಅದೇ ತುತ್ತಿನಲ್ಲಿ ನಿಂಬೆಯ ಸಿ ವಿಟಮಿನ್ ಇದ್ದರೆ ಜಾಸ್ತಿ ಹತ್ತುತ್ತೆ. ಬೆಳಿಗ್ಗೆ ಬೇಳೆ, ಸಂಜೆ ನಿಂಬೆಹಣ್ಣು ಅಂದರೆ ಆ ಉಪಕಾರ ಇಲ್ಲ. ಕ್ಯಾರೆಟ್‌ನ ಕೆಂಪು ಬಣ್ಣದ ಸತ್ವ ಕೊಬ್ಬಿಲ್ಲದೆ ಮೈಗೆ ಸೇರುವುದು ತೀರಾ ಕಡಿಮೆ. ಅದಕ್ಕೆ ಕಾಯಿತುರಿ, ಒಗ್ಗರಣೆ ಎಣ್ಣೆ ಇದೆ. ಬೇರ್ಪಡಿಸಿ ತಿನ್ನುವವರು ಇದನ್ನೆಲ್ಲ ಕಳೆದುಕೊಳ್ಳುತ್ತಾರೆ.

ಪಿಷ್ಟ ಮತ್ತು ಪ್ರೋಟೀನ್ ಬೆರೆಸಬೇಡಿ ಅನ್ನೋದನ್ನು ಜನಪ್ರಿಯ ಮಾಡಿದವರು ವಿಲಿಯಂ ಹೇ ಎಂಬ ಅಮೆರಿಕದ ವೈದ್ಯ, ಕಳೆದ ಶತಮಾನದ 20-30ರ ದಶಕಗಳಲ್ಲಿ. ಪಿಷ್ಟಕ್ಕೆ ಕ್ಷಾರ ಬೇಕು, ಪ್ರೋಟೀನ್‌ಗೆ ಆಮ್ಲ ಬೇಕು, ಎರಡೂ ಒಂದೇ ಕಡೆ ಇದ್ದರೆ ಯಾವುದೂ ಜೀರ್ಣವಾಗಲ್ಲ ಅಂತ ವಾದ. ಇದರಲ್ಲಿ ಎಳ್ಳಷ್ಟು ನಿಜ ಇದೆ. ಜೊಲ್ಲಿನ ಕಿಣ್ವ ಬಾಯಲ್ಲಿ ಪಿಷ್ಟವನ್ನು ಒಡೆಯಲು ಶುರು ಮಾಡುತ್ತೆ, ಜಠರದ ಆಮ್ಲ ತಗುಲಿದ ಮೇಲೆ ನಿಲ್ಲುತ್ತೆ. ಆದರೆ ಜೀರ್ಣಕ್ರಿಯೆ ಜಠರದಲ್ಲೇ ಮುಗಿಯುವುದಿಲ್ಲ. ದೊಡ್ಡ ಕೆಲಸ ನಡೆಯುವುದು ಸಣ್ಣಕರುಳಿನಲ್ಲಿ. ಅಲ್ಲಿಗೆ ಮೇದೋಜೀರಕ ಗ್ರಂಥಿ ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ರಸ ಸುರಿಸುತ್ತೆ. ಪಿಷ್ಟ ಒಡೆಯುವ ಅಮೈಲೇಸ್, ಪ್ರೋಟೀನ್ ಒಡೆಯುವ ಟ್ರಿಪ್ಸಿನ್, ಕೊಬ್ಬು ಒಡೆಯುವ ಲೈಪೇಸ್ ಮೂರೂ ಆ ಒಂದೇ ರಸದಲ್ಲಿವೆ. ಜಠರದಿಂದ ಬಂದ ಆಮ್ಲವನ್ನು ತಣಿಸುವ ಬೈಕಾರ್ಬನೇಟ್ ಕೂಡ ಅದರಲ್ಲೇ ಇದೆ. ಮಕ್ಕಳಿಗೆ ಈ ಪಾಠ ಮಾಡುವಾಗ ನನಗೆ ಪ್ರತಿ ವರ್ಷವೂ ಆಶ್ಚರ್ಯ. ಬೆರೆತ ಊಟಕ್ಕೆಂದೇ ಮಾಡಿದ ಹಾಗಿದೆ.

ಇನ್ನು ಬೇರ್ಪಡಿಸೋದಾದರೂ ಹೇಗೆ? 100 ಗ್ರಾಂ ಒಣ ಹೆಸರುಕಾಳಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್, 60 ಗ್ರಾಂ ಹತ್ತಿರ ಪಿಷ್ಟ, ನಾರು, ಸಕ್ಕರೆ ಇವೆ. ಅಕ್ಕ ಬರೀ ಮೊಳಕೆಕಾಳು ತಿಂದಾಗಲೂ ಎರಡನ್ನೂ ಒಟ್ಟಿಗೇ ತಿನ್ನುತ್ತಿದ್ದಾಳೆ. ತಾಯಿಯ ಹಾಲಿನಲ್ಲೂ ಸಕ್ಕರೆ, ಪ್ರೋಟೀನ್, ಕೊಬ್ಬು ಮೂರೂ ಇವೆ.

ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. 2000ದಲ್ಲಿ ಪ್ರಕಟವಾದ ಜಿನೀವಾದ ಅಧ್ಯಯನದಲ್ಲಿ 54 ಜನ ದಪ್ಪಗಿದ್ದವರಿಗೆ ಆರು ವಾರ ದಿನಕ್ಕೆ 1100 ಕ್ಯಾಲೊರಿ ಕೊಟ್ಟರು. ಒಂದು ಗುಂಪಿಗೆ ಬೇರ್ಪಡಿಸಿದ ಊಟ, ಇನ್ನೊಂದಕ್ಕೆ ಬೆರೆತ ಊಟ. ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ರೀತಿ ತೂಕ ಇಳಿಸಿದರು. ಬೇರ್ಪಡಿಸಿದ್ದಕ್ಕೆ ವಿಶೇಷ ಲಾಭ ಕಾಣಲಿಲ್ಲ.

ಸಕ್ಕರೆ ಕಾಯಿಲೆ ಇರುವವರಿಗಂತೂ ಈ ನಿಯಮ ಉಲ್ಟಾ. ಬರೀ ಹಣ್ಣು ತಿಂದರೆ ರಕ್ತದ ಸಕ್ಕರೆ ಬೇಗ ಏರುತ್ತೆ. ಜೊತೆಗೆ ಒಂದು ಹಿಡಿ ಕಡಲೆಕಾಯಿ ಇದ್ದರೆ ನಿಧಾನ.

ನನಗೆ ನಿಜವಾದ ಆತಂಕ ಬೇರೆ ಇದೆ. ಯಾವುದರ ಜೊತೆ ಯಾವುದು ಅಂತ ಲೆಕ್ಕ ಹಾಕುತ್ತಾ ಕೂತವರು ಯಾವುದನ್ನು ಹಸಿ ತಿನ್ನಲೇಬಾರದು ಅನ್ನೋದನ್ನು ಮರೆಯುತ್ತಾರೆ. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ಅನ್ನೋ ವಿಷದ ಪ್ರೋಟೀನ್ ಕೆಲವೇ ಕಾಳಿಗೆ ವಾಂತಿ ತರಿಸುತ್ತೆ. ನೆನೆಸಿದರೆ ಸಾಲದು, ಕುದಿಸಲೇಬೇಕು. ನಮ್ಮ ಪ್ರೀತಿಯ ಅವರೆಕಾಳೂ ಬೆಂದೇ ತಿನ್ನಬೇಕಾದದ್ದು. ಹಿತಕಿದ ಬೇಳೆ ಅಂತ ಸಿಪ್ಪೆ ತೆಗೆದ ಮಾತ್ರಕ್ಕೆ ಹಸಿ ತಿನ್ನುವ ಹಾಗಿಲ್ಲ. ಮೊಳಕೆ ಬರಿಸುವ ಬೆಚ್ಚಗಿನ ಒದ್ದೆ ಬಟ್ಟೆಯಲ್ಲಿ ಕಾಳಿನ ಜೊತೆ ರೋಗಾಣುವೂ ಬೆಳೆಯುತ್ತೆ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಇ. ಕೋಲಿ ಅನ್ನೋ ಬ್ಯಾಕ್ಟೀರಿಯಾ ಹರಡಿ 50ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರು ಅದನ್ನು ಏನರ ಜೊತೆ ತಿಂದರು ಅನ್ನೋದರಿಂದ ಏನೂ ವ್ಯತ್ಯಾಸ ಆಗುತ್ತಿರಲಿಲ್ಲ.

ಹೆಣ್ಣುಮಕ್ಕಳ ವಿಷಯ ಇನ್ನೂ ಗಂಭೀರ. ಬಹುಪಾಲು ಹಸಿ ಆಹಾರವನ್ನೇ ತಿನ್ನುವ ಜರ್ಮನಿಯ ಜನರ ಅಧ್ಯಯನವೊಂದರಲ್ಲಿ 45 ವರ್ಷದ ಒಳಗಿನ ಹೆಂಗಸರಲ್ಲಿ ಸುಮಾರು 30%ರಷ್ಟು ಜನರಿಗೆ ಮುಟ್ಟು ಏರುಪೇರಾಗಿತ್ತು ಇಲ್ಲವೇ ನಿಂತೇ ಹೋಗಿತ್ತು. ತೂಕ ತೀರಾ ಇಳಿದವರಿಗೆ ಹೀಗಾಗುತ್ತೆ. ಅಂಥವರಿಗೆ ಒಂದು ಹೊತ್ತಿಗೆ ಒಂದೇ ಪದಾರ್ಥ ಅಂತ ಇನ್ನೊಂದು ಕಟ್ಟು ಹಾಕಿದರೆ ತಿನ್ನೋದು ಮತ್ತಷ್ಟು ಕಡಿಮೆ ಆಗುತ್ತೆ.

ಅಕ್ಕಾ, ನಿನ್ನ ಬಟ್ಟಲಿನ ಬಗ್ಗೆ ನನಗೆ ಅನಿಸಿದ್ದು ಹೇಳುತ್ತೇನೆ. ಒಂದೇ ಪದಾರ್ಥ ಅಂತ ಮಾಡಿದ ಮೇಲೆ ನೀನು ತಿನ್ನುವ ಅಳತೆಯೇ ಕಡಿಮೆ ಆಯಿತು, ಅಗಿಯೋದು ಜಾಸ್ತಿ ಆಯಿತು. ಅದನ್ನು ನೀನೇ ಬರೆದಿದ್ದೀಯ. ಮಾವಿನಹಣ್ಣಿನ ವಿಷಯವೂ ಅಷ್ಟೇ. ನೀನು ಎರಡು ಹಣ್ಣು ತಿಂದದ್ದು ಹೊಟ್ಟೆ ತುಂಬಾ ಮುದ್ದೆ ಉಂಡ ಮೇಲೆ. ಈ ಸಲ ಶ್ರೀನಿವಾಸಪುರದ ಹಣ್ಣು ಬಂದಾಗ ನಿಂಬೆಹಣ್ಣಿನ ಗಾತ್ರದ ಮುದ್ದೆ ಉಣ್ಣು, ಮೇಲೆ ಅರ್ಧ ಬಾದಾಮಿ ಹಣ್ಣು ನಿಧಾನಕ್ಕೆ ತಿನ್ನು. ನಾಲ್ಕು ದಿನ ಹಾಗೇ ಮಾಡಿ ಸಂಜೆ ಹೇಗಿತ್ತು ಅಂತ ಫೋನ್ ಮಾಡು.