ಬೀಗದೊಳಗಿನ ಬಾಡಿಗೆದಾರ

ಮೈಸೂರಿನಲ್ಲಿ ಮನೆ ಮುಂದೆ ತೋಟ ಮಾಡಿದ್ದೀನಿ ಅಂದರೆ ಸಾಕು, ಜನ ಬೃಂದಾವನವನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರುತ್ತಾರೆ. ಬಂದರೆ ಕಾಣುವುದು ಎಕ್ಕ, ತುಂಬೆ, ಹೂ ಬಿಟ್ಟ ಕಾಮಕಸ್ತೂರಿ, ಕೀಳದೆ ಹಾಗೇ ಬಿಟ್ಟ ಕೊತ್ತಂಬರಿ. ಖಾಲಿ ಸೈಟು ಅಂದುಕೊಂಡು ಒಬ್ಬರು ರೇಟನ್ನೂ ಕೇಳಿದ್ದಾರೆ.

ಏನು ಮಾಡೋದು, ಇಲ್ಲಿ ವರ್ಷಕ್ಕೆ 800 ಮಿ.ಮೀ. ಆಸುಪಾಸು ಮಳೆ. ಮೇ ತಿಂಗಳಲ್ಲಿ ಒಂದಷ್ಟು, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಒಂದಷ್ಟು. ಜನವರಿಯಿಂದ ಮಾರ್ಚ್‌ವರೆಗೆ ಆಕಾಶ ನೋಡಿದರೆ ಕತ್ತು ನೋವು ಬರುತ್ತೆ, ಅಷ್ಟೆ. ಅಂಥದ್ದರಲ್ಲಿ ಲಾನ್ ಹಾಕಿ ದಿನಾ ನೀರು ಕುಡಿಸೋದು ಯಾರು? ತುಂಬೆ ತನ್ನ ಪಾಡಿಗೆ ತಾನು ಬೆಳೆಯುತ್ತೆ, ಬಿಸಿಲೇರುವ ಹೊತ್ತಿಗೆ ಅದರ ತುಂಬಾ ಕೋಲುಜೇನು. ಕೊತ್ತಂಬರಿ ಹೂವಿಗೆ ಸಣ್ಣ ಸಣ್ಣ ಕಣಜಗಳು ಬರುತ್ತವೆ, ಗಿಡ ತಿನ್ನುವ ಹುಳಗಳ ಮೇಲೆ ಮೊಟ್ಟೆ ಇಟ್ಟು ಅವುಗಳ ಕಥೆ ಮುಗಿಸುತ್ತವೆ. ಔಷಧಿ ಖರ್ಚಿಲ್ಲ.

ತೊಂದರೆ ಇರೋದು ಮನುಷ್ಯರದ್ದು. ಗುಲಗಂಜಿ ಹುಳ ಎಲ್ಲರಿಗೂ ಇಷ್ಟ, ಅಲ್ವಾ? ಅದರ ಮರಿ ಮಾತ್ರ ಕಪ್ಪಗೆ, ಮೈಮೇಲೆಲ್ಲ ಮುಳ್ಳು, ಅಲ್ಲಲ್ಲಿ ಕಿತ್ತಳೆ ಚುಕ್ಕೆ. ಹೆತ್ತವರ ಛಾಯೆಯೇ ಇಲ್ಲ. ಆದರೆ ದೊಡ್ಡದಾಗುವಷ್ಟರಲ್ಲಿ ಒಂದೊಂದೂ ಗಿಡದ ರಸ ಹೀರುವ ನೂರಾರು ಸಸ್ಯಹೇನು ತಿಂದು ಮುಗಿಸುತ್ತೆ. ನಮ್ಮ ಅವರೆ ಬಳ್ಳಿಯ ಕುಡಿಗೆ ಕರಿಹೇನು ಮುತ್ತಿ, ಈ ಮರಿಗಳು ಬಂದು, ನಾನು ಖುಷಿಯಾಗಿದ್ದ ಹೊತ್ತಿಗೆ ಪಕ್ಕದ ಮನೆ ಅಂಕಲ್ ಕಾಂಪೌಂಡಿನಿಂದ ಕೈ ಚಾಚಿ, "ಮೇಡಂ, ನಿಮ್ಮ ಗಿಡಕ್ಕೆ ಹುಳ ಬಿದ್ದಿತ್ತು, ಎಲ್ಲಾ ಹೊಸಕಿ ಹಾಕಿದೀನಿ" ಅಂದರು. ಹೇನು ಒಂದನ್ನೂ ಮುಟ್ಟಿರಲಿಲ್ಲ. ಥ್ಯಾಂಕ್ಸ್ ಹೇಳಬೇಕಾಯಿತು.

ಕರಿಬೇವಿನ ಗಿಡದ್ದು ಬೇರೆಯದೇ ರಾಮಾಯಣ. ಅಲ್ಲಿ ಚಿಟ್ಟೆ ಮೊಟ್ಟೆ ಇಡುತ್ತೆ. ಮರಿಹುಳ ಮೊದಮೊದಲು ಥೇಟ್ ಹಕ್ಕಿ ಹಿಕ್ಕೆ, ಹಾಗಾಗಿ ಹಕ್ಕಿಯೂ ಮುಟ್ಟಲ್ಲ, ನಮ್ಮತ್ತೆಯೂ ಮುಟ್ಟಲ್ಲ. ಆಮೇಲೆ ಎಲೆಯದೇ ಹಸಿರು ಬಣ್ಣಕ್ಕೆ ತಿರುಗುತ್ತೆ. ಒಲೆ ಮೇಲೆ ಸಾಸಿವೆ ಚಟಪಟ ಅನ್ನುವಾಗ ಅತ್ತೆ ಓಡಿಬಂದು ಎಲೆಗೆ ಕೈ ಹಾಕಿದರೆ, ಎಲೆ ಮೆತ್ತಗಿತ್ತು. ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಚಾಚಿ, ಗಬ್ಬು ವಾಸನೆ ಬೇರೆ ಬಿಟ್ಟಿತು. ಕೊನೆಗೆ ರಾಜಿಯಾಯಿತು: ಮೇಲಿನ ಕೊಂಬೆ ಹುಳಕ್ಕೆ, ಕೆಳಗಿನದು ಒಗ್ಗರಣೆಗೆ. ಹುಳಗಳಿಗೆ ಅದನ್ನು ಯಾರೂ ಓದಿ ಹೇಳಿಲ್ಲ.

ಇಷ್ಟಾದರೂ ತಡೆದುಕೊಂಡಿದ್ದ ಅತ್ತೆಯ ತಾಳ್ಮೆ ಕೆಟ್ಟಿದ್ದು ನಂಜನಗೂಡಿನ ಮದುವೆ ಮುಗಿಸಿ ಬಂದ ರಾತ್ರಿ. ಬಾಗಿಲಿಗೆ ಕೀ ಹೋಗುತ್ತಿಲ್ಲ. ಬೀಗದ ತೂತಿಗೆ ನುಣ್ಣಗೆ ಮಣ್ಣು ಮೆತ್ತಿದೆ. ಬೀಗ ರಿಪೇರಿಯವನು ಬಂದು, ಮೊಬೈಲ್ ಟಾರ್ಚ್ ಹಿಡಿದು, ತಂತಿಯಲ್ಲಿ ಕೆದಕಿದ. ಒಣ ಮಣ್ಣು ಉದುರಿತು, ಹಿಂದೆಯೇ ಸಣ್ಣ ಹಸಿರು ಹುಳ, ಇನ್ನೊಂದು, ಮತ್ತೊಂದು.

"ಅಕ್ಕಾ, ಯಾರೋ ಊಟ ತುಂಬಿಟ್ಟವ್ರೆ."

ಕಣಜದ ಕೆಲಸ. ಮೊದಲು ಒಂದು ಮೊಟ್ಟೆ ಇಟ್ಟು, ಆಮೇಲೆ ಹುಳಗಳನ್ನು ಕುಟುಕಿ ಮರಗಟ್ಟಿಸಿ, ಸಾಯಿಸದೆ ತಂದು ತುಂಬಿ ಬಾಯಿ ಮುಚ್ಚುತ್ತೆ. ಮರಿ ಹೊರಬಂದಾಗ ಊಟ ತಾಜಾ ಇರಬೇಕಲ್ಲ. ನಾನು ಇದನ್ನೆಲ್ಲ ಉತ್ಸಾಹದಿಂದ ವಿವರಿಸುತ್ತಿದ್ದೆ. ಅತ್ತೆಗೆ ಅರ್ಜೆಂಟಾಗಿ ಬಾತ್‌ರೂಮಿಗೆ ಹೋಗಬೇಕಿತ್ತು, ವಿಷಯ ಹಿಡಿಸಲಿಲ್ಲ.

ಬಾಗಿಲು ತೆಗೆದು, ಕಾಲು ತೊಳೆದು ಬಂದ ಮೇಲೆ ಅವರಿಗೆ ನೆನಪಾಯಿತು: ಕಣಜ ಮನೆಯಲ್ಲಿ ಗೂಡು ಕಟ್ಟಿದರೆ ಮಗು ಬರುತ್ತಂತೆ. ಆ ಸರಿರಾತ್ರಿಯಲ್ಲಿ ಬೆಂಗಳೂರಿನ ಮಗಳಿಗೆ ಫೋನ್ ಮಾಡಿ, "ಏನಾದ್ರೂ ವಿಶೇಷ ಇದೆಯೇನೇ?" ಅಂದರು. ಅವಳ ದೊಡ್ಡ ಮಗ ಈ ಸಲ ಎಸ್ಸೆಸ್ಸೆಲ್ಸಿ. ನಾದಿನಿ ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.