ಗ್ರೇನ್ ದೋಷ ಅಲ್ಲ, ಅದನ್ನು ಒರೆಸಿಬಿಡುವುದು ದೋಷ

ಹಳೇ ಸಿನಿಮಾ ಬ್ಲೂ-ರೇನಲ್ಲಿ ಬಂದ ಕೂಡಲೇ ಈ ದೂರು ಶುರುವಾಗುತ್ತದೆ. "ಎಚ್‌ಡಿ ಅಂತಾರೆ, ಪರದೆ ತುಂಬಾ ಚುಕ್ಕೆ ಚುಕ್ಕೆ!" ಇದನ್ನು ಓದಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಯಾಕೆಂದರೆ ಈ ದೂರು ಕೇಳಿಯೇ ಕಂಪನಿಗಳು ಒಳ್ಳೊಳ್ಳೆ ಸಿನಿಮಾಗಳನ್ನು ಹಾಳು ಮಾಡಿವೆ.

ಆ ಚುಕ್ಕೆಗಳೇ ಗ್ರೇನ್. ಫಿಲ್ಮಿನಲ್ಲಿ ಚಿತ್ರ ಮೂಡುವುದೇ ಬೆಳಕು ತಾಗಿದ ಬೆಳ್ಳಿ ಲವಣದ ಹರಳುಗಳಿಂದ. ಮುಖದ ಸುಕ್ಕು, ಬಟ್ಟೆಯ ನೇಯ್ಗೆ, ಎಲೆಯ ಅಂಚು ಎಲ್ಲವೂ ಅದರೊಳಗೇ ಇರುತ್ತದೆ. ಗ್ರೇನ್ ಉಜ್ಜಿದರೆ ಇವೂ ಅದರ ಜೊತೆಗೇ ಹೋಗುತ್ತವೆ. 1987ರ 'ಪ್ರಿಡೇಟರ್' ನೋಡಿ. 2008ರ ಡಿಸ್ಕ್‌ನಲ್ಲಿ ಗ್ರೇನ್ ಜಾಸ್ತಿ ಇತ್ತು. 2010ರಲ್ಲಿ ಇನ್ನೊಂದು ಡಿಸ್ಕ್ ಬಂತು, ಅದರಲ್ಲಿ ಎಲ್ಲಾ ನುಣ್ಣಗೆ. ಕಾಡಿನ ಸೆಕೆಯಲ್ಲಿ ಬೆವರು, ಕೆಸರು ಮೆತ್ತಿಕೊಂಡು ಓಡುವ ಸೈನಿಕರ ಮುಖಗಳು ಮೇಣದ ಬೊಂಬೆಗಳ ಹಾಗೆ ಕಾಣುತ್ತವೆ.

ಇದಕ್ಕಿಂತ ಕೆಟ್ಟದ್ದು 2009ರಲ್ಲಿ ಬಂದ 'ಗ್ಲಾಡಿಯೇಟರ್' ಬ್ಲೂ-ರೇ. ಮೊದಲ ಯುದ್ಧದಲ್ಲಿ ರೋಮನ್ ಸೈನ್ಯ ಬೆಂಕಿ ಬಾಣಗಳನ್ನು ಬಿಡುತ್ತದಲ್ವಾ, ಅದರಲ್ಲಿ ಕೆಲವು ಬಾಣಗಳು ಹಾರುತ್ತಾ ಹಾರುತ್ತಾ ಮಾಯವಾಗುತ್ತವೆ. ದೂಳು ತೆಗೆಯುವ ಸಾಫ್ಟ್‌ವೇರ್ ಹಿಂದಿನ ಫ್ರೇಮ್, ಮುಂದಿನ ಫ್ರೇಮ್ ಹೋಲಿಸಿ ನೋಡುತ್ತದೆ, ನಡುವಿನ ಒಂದರಲ್ಲಿ ಮಾತ್ರ ಏನಾದರೂ ಕಂಡರೆ ಅದು ಕಸ ಅಂದುಕೊಂಡು ಅಳಿಸಿಬಿಡುತ್ತದೆ. ವೇಗವಾಗಿ ಹಾರುವ ಬಾಣ ಅದಕ್ಕೆ ಕಸವೇ. ಮನುಷ್ಯರು ಕೂತು ಒಂದೊಂದು ಶಾಟ್ ನೋಡಿದ್ದರೆ ಇದು ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಜನ ಗಲಾಟೆ ಮಾಡಿದ ಮೇಲೆ 2010ರಲ್ಲಿ ಸರಿಪಡಿಸಿದ ಡಿಸ್ಕ್ ಬಂತು.

ಹಾಗಂತ ಮಸುಕಾಗಿ ಕಂಡದ್ದೆಲ್ಲ ಟ್ರಾನ್ಸ್‌ಫರ್‌ನ, ಅಂದರೆ ಫಿಲ್ಮನ್ನು ಡಿಜಿಟಲ್‌ಗೆ ಇಳಿಸುವ ಕೆಲಸದ, ತಪ್ಪಲ್ಲ. ಹಳೇ ಸಿನಿಮಾದಲ್ಲಿ ಒಂದು ದೃಶ್ಯ ಕರಗಿ ಇನ್ನೊಂದು ಮೂಡುವ ಹೊತ್ತಿಗೆ ಸರಿಯಾಗಿ ಗಮನಿಸಿ. ಚಿತ್ರ ಇದ್ದಕ್ಕಿದ್ದ ಹಾಗೆ ಮಂಕಾಗಿ, ಗ್ರೇನ್ ಏರಿ, ಮುಂದಿನ ಕಟ್ ಬಂದ ತಕ್ಷಣ ಮತ್ತೆ ನಿಚ್ಚಳ ಆಗುತ್ತದೆ. ಆ ಡಿಸಾಲ್ವ್‌ಗಳನ್ನು ಲ್ಯಾಬ್‌ನಲ್ಲಿ ಫಿಲ್ಮಿನಿಂದ ಫಿಲ್ಮಿಗೆ ನಕಲು ತೆಗೆದು ಮಾಡುತ್ತಿದ್ದರು, ಹಾಗಾಗಿ ಆ ತುಣುಕು ಕ್ಯಾಮೆರಾದಲ್ಲಿ ಓಡಿದ ಮೂಲ ನೆಗೆಟಿವ್‌ನಿಂದ ಒಂದೆರಡು ಹೆಜ್ಜೆ ದೂರದ್ದು. ಅದಕ್ಕೆ ಡಿಸ್ಕ್ ಮಾಡಿದವರನ್ನು ಬೈಯುವುದು ಅನ್ಯಾಯ.

ಸ್ಕ್ರೀನ್‌ಶಾಟ್ ಒಂದನ್ನೇ ದೊಡ್ಡದು ಮಾಡಿ ತೀರ್ಪು ಕೊಡುವುದೂ ಸರಿಯಲ್ಲ. ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ, ಪ್ರತಿ ಫ್ರೇಮ್‌ನಲ್ಲೂ ಗ್ರೇನ್ ಬೇರೆ. ಓಡುವಾಗ ಜೀವ ಇರುವಂತೆ ಕಾಣುವುದು ನಿಲ್ಲಿಸಿದಾಗ ಮರಳಿನಂತೆ ಒರಟಾಗುತ್ತದೆ. ನಿಜವಾದ ದೋಷ ಹುಡುಕಬೇಕೆಂದರೆ ಓಡುವಾಗಲೇ ನೋಡಿ. ಪಾತ್ರ ನಡೆದು ಹೋದರೂ ಹಿಂದಿನ ಗೋಡೆಯ ಗ್ರೇನ್ ಅಲ್ಲಾಡದೆ ಅಂಟಿಕೊಂಡೇ ಇದೆಯಾ? ಅಲ್ಲಿ ಯಾರೋ ಕೈಯಾಡಿಸಿದ್ದಾರೆ. ಕಪ್ಪು ಕೋಟಿನ ಅಂಚಿನ ಸುತ್ತ ತೆಳುವಾದ ಬಿಳಿ ಗೆರೆ ಇದೆಯಾ? ಮೊದಲು ನಿಮ್ಮ ಟಿವಿಯ ಶಾರ್ಪ್‌ನೆಸ್ ಇಳಿಸಿ, ಚಲನೆಯನ್ನು ನುಣುಪು ಮಾಡುವ ಮೋಷನ್ ಸ್ಮೂತಿಂಗ್ ಆಫ್ ಮಾಡಿ. ಆಮೇಲೂ ಗೆರೆ ಉಳಿದರೆ ಅದು ಡಿಸ್ಕ್‌ನದ್ದು.

ನಮ್ಮ ಮಟ್ಟಿಗೂ ಇದು ದೂರದ ವಿಷಯ ಅಲ್ಲ. ಗಿರೀಶ್ ಕಾಸರವಳ್ಳಿ ಅವರ 1977ರ 'ಘಟಶ್ರಾದ್ಧ' ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಆಯಿತು. ಆ ಕಪ್ಪು ಬಿಳುಪಿನ ಚಿತ್ರದ ಗ್ರೇನ್ ನೋಡಿ ನಾಳೆ ಯಾರೂ "ಕ್ಲಿಯರ್ ಇಲ್ಲ" ಅನ್ನಬಾರದು ಅಂತ ನನ್ನ ಆಸೆ.

2024ರಲ್ಲೇ ಬಂದ 'ಏಲಿಯನ್ಸ್', 'ಟ್ರೂ ಲೈಸ್' 4ಕೆ ಡಿಸ್ಕ್‌ಗಳಲ್ಲಿ ಗ್ರೇನ್ ಬಹುಪಾಲು ಹೋಗಿದೆ, ಮೇಲೆ ಅತಿಯಾದ ಹರಿತ ಬೇರೆ. ನಿರ್ದೇಶಕ ಜೇಮ್ಸ್ ಕ್ಯಾಮರಾನ್ ಅವರೇ ಇದನ್ನು ಸಮರ್ಥಿಸಿಕೊಂಡಿದ್ದಾರೆ. ಸಿನಿಮಾ ಅವರದ್ದು, ಆ ಹಕ್ಕು ಅವರಿಗಿದೆ. ಆದರೂ ನಾನು ಒಪ್ಪುವುದಿಲ್ಲ. ಥಿಯೇಟರಿನಲ್ಲಿ ಜನ ಕಂಡ ಚಿತ್ರ ಅದಲ್ಲ. ಗ್ರೇನ್ ಉಳಿಸಿಕೊಂಡ ಡಿಸ್ಕ್ ಕೂಡ ಜೊತೆಗೆ ಕೊಡಲಿ, ದುಡ್ಡು ಕೊಟ್ಟು ತಗೊಳ್ಳೋಕೆ ನನ್ನಂಥವರು ತುಂಬಾ ಜನ ಇದ್ದೇವೆ.