ಲೈಫ್ ಕೋಚ್‌ಗೆ ಲೈಸೆನ್ಸ್ ಬೇಕಾ?

ಇನ್‌ಸ್ಟಾಗ್ರಾಮ್‌ನಲ್ಲಿ ಹೆಸರಿನ ಕೆಳಗೆ 'ಲೈಫ್ ಕೋಚ್' (ಬದುಕಿನ ಗೊಂದಲಗಳಲ್ಲಿ ದಾರಿ ಕಂಡುಕೊಳ್ಳಲು ಮಾತಿನಿಂದ ನೆರವಾಗುವವರು) ಎಂದು ಬರೆದುಕೊಳ್ಳಲು ಈ ದೇಶದಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ. ಗಂಟೆಗೆ ಇಷ್ಟು ಎಂದು ಫೀಸು ವಸೂಲಿ ಮಾಡಲೂ ಬೇಕಿಲ್ಲ. ಸರ್ಕಾರ ಈ ಕೆಲಸಕ್ಕೆ ಲೈಸೆನ್ಸ್ ಕಡ್ಡಾಯ ಮಾಡಬೇಕೇ? ಎರಡೂ ಕಡೆಯ ವಕಾಲತ್ತು ನಾನೇ ವಹಿಸಿದ್ದೇನೆ. ಯಾವ ಕಡೆ ವಾಲಿದ್ದೇನೆ ಎಂಬುದು ಓದುತ್ತಾ ಗೊತ್ತಾಗುತ್ತದೆ, ಮುಚ್ಚಿಡುವಂಥದ್ದೇನಿಲ್ಲ.

ಪರ: ದುಡ್ಡಿಗೆ ಇರುವ ಕಾವಲು ಬದುಕಿಗೂ ಇರಲಿ

ಯಾವ ಶೇರು ಕೊಳ್ಳಬೇಕು ಎಂದು ಫೀಸು ತೆಗೆದುಕೊಂಡು ಸಲಹೆ ಕೊಡುವವರು ಶೇರುಪೇಟೆಯ ನಿಯಂತ್ರಕ ಸೆಬಿಯಲ್ಲಿ ನೋಂದಾಯಿಸಿಕೊಂಡಿರಬೇಕು. 2013ರಿಂದ ಇದಕ್ಕೆ ನಿಯಮವಿದೆ. ಅದೇ ಫೀಸು ತೆಗೆದುಕೊಂಡು, 'ಈ ಕೆಲಸ ಬಿಟ್ಟುಬಿಡಿ', 'ಅಪ್ಪ ಅಮ್ಮನ ಮಾತಿಗೆ ಬೆಲೆ ಕೊಡೋದು ನಿಲ್ಲಿಸಿ' ಎನ್ನುವವರಿಗೆ ಏನೂ ಬೇಕಿಲ್ಲ. ಹತ್ತು ಸಾವಿರದ ಶೇರಿಗೆ ಇರುವ ಕಾವಲು ಸಂಸಾರಕ್ಕೆ ಇಲ್ಲ. ವಿಚಿತ್ರ ಅಲ್ವಾ?

ನಾವು ಸಲಹೆ ಕೊಡುವುದಿಲ್ಲ, ಚಿಕಿತ್ಸೆಯನ್ನೂ ಕೊಡುವುದಿಲ್ಲ, ಬರೀ ಪ್ರಶ್ನೆ ಕೇಳುತ್ತೇವೆ ಎನ್ನುತ್ತಾರೆ ಕೋಚ್‌ಗಳು. ಮಾತು ಚೆನ್ನಾಗಿದೆ. ಆದರೆ ಎದುರಿಗೆ ಕೂತವರು ಗೊಂದಲದಲ್ಲಿದ್ದಾರೋ ಕಾಯಿಲೆಯಲ್ಲಿದ್ದಾರೋ ಎಂದು ಗುರುತಿಸುವುದು ಯಾರು? 'ಬೆಳಗ್ಗೆ ಏಳೋಕೇ ಆಗ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ' ಎಂದರೆ ಅದು ಸೋಮಾರಿತನವೂ ಇರಬಹುದು, ಖಿನ್ನತೆಯೂ ಇರಬಹುದು. ಐದು ಗಂಟೆಗೆ ಅಲಾರಂ ಇಡಿ ಎಂದು ಹುರಿದುಂಬಿಸಿದರೆ ಮೊದಲನೆಯವರು ಎದ್ದಾರು. ಎರಡನೆಯವರು ಅದೂ ಆಗಲಿಲ್ಲವಲ್ಲ ಎಂದು ಇನ್ನಷ್ಟು ಕುಸಿಯುತ್ತಾರೆ. ಈ ವ್ಯತ್ಯಾಸ ಕಾಣುವ ಕಣ್ಣು ತರಬೇತಿಯಿಂದ ಬರುತ್ತದೆ. ಅದಕ್ಕೇ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು.

ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮಾನಸಿಕ ಕಾಯಿಲೆ ಇರುವವರಲ್ಲಿ ಶೇ 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆ ಸಿಗುತ್ತಿಲ್ಲ. ಕಾಯಿಲೆ ಯಾವುದು ಎನ್ನುವುದರ ಮೇಲೆ ಲೆಕ್ಕ ಬದಲಾಗುತ್ತದೆ. ಡಾಕ್ಟರ್ ಹತ್ತಿರ ಹೋದರೆ ಹುಚ್ಚು ಅಂತಾರೆ, ಕೋಚ್ ಹತ್ತಿರ ಹೋದರೆ ಯಾರೂ ಏನೂ ಅನ್ನಲ್ಲ. ಇವರಲ್ಲಿ ಕೆಲವರಾದರೂ ಕೋಚ್ ಬಾಗಿಲಿಗೇ ಬರುತ್ತಾರೆ.

ಇನ್ನು ವೆಬಿನಾರ್ ವ್ಯಾಪಾರ. ಭಾನುವಾರ ಬೆಳಗ್ಗೆ 99 ರೂಪಾಯಿಗೆ ಮೂರು ಗಂಟೆ. ಮೊದಲ ಗಂಟೆ ಕೋಚ್ ತಾನು ಎಷ್ಟು ಕಷ್ಟದಿಂದ ಮೇಲೆ ಬಂದೆ ಎಂಬ ಕಥೆ. ಎರಡನೇ ಗಂಟೆ ಚಾಟ್‌ನಲ್ಲಿ 'ಯೆಸ್' ಎಂದು ಟೈಪ್ ಮಾಡಿಸುವುದು. ಮೂರನೇ ಗಂಟೆಗೆ ಮೂಲೆಯಲ್ಲಿ ಗಡಿಯಾರ ಓಡತೊಡಗುತ್ತದೆ: ಇನ್ನು ಹದಿನೈದೇ ನಿಮಿಷ, ಈಗ ಸೇರಿದರೆ ಅರ್ಧ ಬೆಲೆ, ಜೊತೆಗೆ ನಾಲ್ಕು ಬೋನಸ್. ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ. ಕೈಯಲ್ಲಿ ಕಾಸಿಲ್ಲವೇ? ಇಎಂಐ ಇದೆ. ಕೋರ್ಸ್ ಮುಗಿದ ಮೇಲೆ ನೀವೂ ಕೋಚ್! ಕಲಿಸುವುದು ಏನನ್ನು ಎಂದರೆ, ಇನ್ನಷ್ಟು ಕೋಚ್‌ಗಳನ್ನು ಹುಟ್ಟಿಸುವುದನ್ನು.

ಕಾವಲಿಲ್ಲದ ಕಡೆ ಏನಾಗಬಹುದು ಎಂಬುದಕ್ಕೆ ಅಮೆರಿಕದ ಯೂಟಾದ ಜೋಡಿ ಹಿಲ್ಡೆಬ್ರಾಂಟ್ ಇದ್ದಾರೆ. ದಾರಿ ತೋರುವ ಕೋಚ್ ಎಂದು ಹೆಸರು ಮಾಡಿದ್ದವರು. 2023ರ ಆಗಸ್ಟ್‌ನಲ್ಲಿ ಅವರ ಮನೆಯ ಕಿಟಕಿಯಿಂದ ತಪ್ಪಿಸಿಕೊಂಡ ಹನ್ನೆರಡು ವರ್ಷದ ಹುಡುಗ ಪಕ್ಕದ ಮನೆಗೆ ಹೋಗಿ ಊಟ, ನೀರು ಕೇಳಿದ. ಅವನ ತಾಯಿ ಈ ಕೋಚ್‌ನ ಮಾತಿಗೆ ಪೂರ್ತಿ ಶರಣಾಗಿದ್ದಳು. ಮಕ್ಕಳನ್ನು ಹಿಂಸಿಸಿದ್ದಕ್ಕೆ 2024ರ ಫೆಬ್ರುವರಿಯಲ್ಲಿ ಇಬ್ಬರಿಗೂ ಜೈಲಾಯಿತು.

ವಿರೋಧ: ಮಾತಿಗೆ ಲೈಸೆನ್ಸ್ ಬೇಡ, ಮೋಸಕ್ಕೆ ಶಿಕ್ಷೆ ಸಾಕು

ಯೂಟಾದಿಂದಲೇ ಶುರು ಮಾಡೋಣ. ಹಿಲ್ಡೆಬ್ರಾಂಟ್ ಲೈಸೆನ್ಸ್ ಇಲ್ಲದ ಕೋಚ್ ಆಗಿರಲಿಲ್ಲ. ಆಕೆ ರಾಜ್ಯದ ಲೈಸೆನ್ಸ್ ಪಡೆದಿದ್ದ ಥೆರಪಿಸ್ಟ್. ಆ ಕಾಗದ ಹುಡುಗನನ್ನು ಕಾಪಾಡಲಿಲ್ಲ. ತಾಯಿಗೆ ಆಕೆಯ ಮೇಲಿನ ನಂಬಿಕೆ ಜಾಸ್ತಿಯಾಗಲು ಅದೂ ಒಂದು ಕಾರಣ ಆಗಿದ್ದಿರಬಹುದು.

ಕೋಚ್ ಮಾಡುವ ಕೆಲಸವಾದರೂ ಏನು? ಅಲ್ಲಿ ಒಂದು ಹಾಳೆ ಇರುತ್ತದೆ. ಹಾಳೆಯ ಮೇಲೆ ಒಂದು ಚಕ್ರ, ಅದಕ್ಕೆ ಎಂಟು ಹೋಳು: ಕೆಲಸ, ದುಡ್ಡು, ಆರೋಗ್ಯ, ಮನೆಯವರು, ಗೆಳೆಯರು, ಹೀಗೆ. ಒಂದೊಂದಕ್ಕೂ ಹತ್ತಕ್ಕೆ ಎಷ್ಟು ಎಂದು ನೀವೇ ಅಂಕ ಹಾಕಬೇಕು. ಮಾತು ಹೀಗೆ ಸಾಗುತ್ತದೆ.

'ಆರೋಗ್ಯಕ್ಕೆ ನಾಲ್ಕು ಹಾಕಿದ್ದೀರಿ. ಎರಡು ಯಾಕಲ್ಲ?'

'ವಾರಕ್ಕೆ ಎರಡು ದಿನ ವಾಕಿಂಗ್ ಹೋಗ್ತೀನಲ್ಲ.'

'ನಾಲ್ಕು ಐದಾಗಬೇಕಾದರೆ?'

ಸ್ವಲ್ಪ ಹೊತ್ತು ಮಾತಿಲ್ಲ. 'ರಾತ್ರಿ ಹನ್ನೊಂದರ ಅಮೆರಿಕ ಕಾಲ್ ತಪ್ಪಬೇಕು.'

'ಯಾರ ಹತ್ತಿರ ಮಾತಾಡಬೇಕು? ಯಾವತ್ತು ಮಾತಾಡ್ತೀರಿ?'

ಇಷ್ಟೇ. ಇದರಲ್ಲಿ ಯಾವ ಸಾಲಿಗೆ ಲೈಸೆನ್ಸ್ ಕೇಳುತ್ತೀರಿ? ಇದನ್ನು ಅಣ್ಣ ಕೇಳಬಹುದಿತ್ತು, ಹೆಂಡತಿ ಕೇಳಬಹುದಿತ್ತು. ಅವರು ಕೇಳಿದ್ದರೆ ಜಗಳವಾಗುತ್ತಿತ್ತು ಅಷ್ಟೆ. ನಮ್ಮಿಂದ ಏನೂ ಆಗಬೇಕಿಲ್ಲದ ಒಬ್ಬರು ಕೂತು ಕೇಳಿಸಿಕೊಂಡರೆ ಅದಕ್ಕೊಂದು ಬೆಲೆ ಇದೆ, ಕೆಲವರು ಅದನ್ನು ಕೊಡುತ್ತಾರೆ.

ಈ ಕಸುಬು ಹುಟ್ಟಿದ್ದೂ ಹೊರಗಿನವರಿಂದಲೇ. ಆಟಗಾರನಿಗೆ ಸೂಚನೆ ಹೇಳಿದಷ್ಟೂ ಅವನ ಕೈ ಬಿಗಿಯಾಗುತ್ತದೆ, ಚೆಂಡನ್ನು ಗಮನಿಸಲು ಬಿಟ್ಟರೆ ತಾನೇ ತಿದ್ದಿಕೊಳ್ಳುತ್ತಾನೆ ಎಂದು 1970ರ ದಶಕದಲ್ಲಿ ಹೇಳಿದ ತಿಮೋತಿ ಗಾಲ್ವೇ ಟೆನಿಸ್ ಕಲಿಸುತ್ತಿದ್ದವರು. ಅದನ್ನು ಬ್ರಿಟನ್ನಿನ ಕಂಪನಿಗಳಿಗೆ ಒಯ್ದ ಜಾನ್ ವಿಟ್ಮೋರ್ ರೇಸ್ ಕಾರು ಓಡಿಸುತ್ತಿದ್ದವರು. 1992ರಲ್ಲಿ ಕೋಚ್‌ಗಳಿಗೆಂದೇ ಶಾಲೆ, 1995ರಲ್ಲಿ ಅಂತರರಾಷ್ಟ್ರೀಯ ಕೋಚ್ ಫೆಡರೇಶನ್ ಕಟ್ಟಿದ ಅಮೆರಿಕದ ಥಾಮಸ್ ಲಿಯೊನಾರ್ಡ್ ಹಣಕಾಸು ಸಲಹೆಗಾರ. ಲೈಸೆನ್ಸ್ ಪದ್ಧತಿ ಆಗಲೇ ಇದ್ದಿದ್ದರೆ ಮೂವರಿಗೂ ಬಾಗಿಲಲ್ಲೇ ಕೈಮುಗಿದು ಕಳಿಸುತ್ತಿದ್ದರು.

ಕಲಿತವರನ್ನೇ ಹುಡುಕುವವರಿಗೆ ಆ ಫೆಡರೇಶನ್‌ನ ಸರ್ಟಿಫಿಕೇಟ್ ಇದೆ. ಕೆಳಗಿನ ಹಂತಕ್ಕೇ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಬೇಕು. ಮೇಲಿನ ಹಂತಕ್ಕೆ 2,500 ಗಂಟೆ ಅನುಭವ. ಕಡ್ಡಾಯವಲ್ಲ, ಆದರೆ ಕೇಳಿ ನೋಡಬಹುದು.

ಲೈಸೆನ್ಸ್ ತಂದರೆ ಗೆರೆ ಎಲ್ಲಿ ಎಳೆಯುತ್ತೀರಿ? 'ಹೀಗೆ ಬದುಕು' ಎಂದು ಹೇಳುವವರು ನಮ್ಮಲ್ಲಿ ಬೀದಿಗೊಬ್ಬರು. ಮಠದ ಸ್ವಾಮಿಗಳು, ಯೋಗದ ಗುರುಗಳು, ಬೆಳಗ್ಗೆ ಟಿವಿಯಲ್ಲಿ ಕೂತು ಮದುವೆ ಮುಂದೂಡಿ ಎನ್ನುವ ಜ್ಯೋತಿಷಿಗಳು. ಕರ್ನಾಟಕ 2017ರಲ್ಲಿ ಮೌಢ್ಯ ನಿಷೇಧ ಕಾಯ್ದೆ ತಂದಾಗಲೇ ಜ್ಯೋತಿಷ್ಯವನ್ನೂ ವಾಸ್ತುವನ್ನೂ ಹೊರಗಿಟ್ಟಿತು. ಅವರನ್ನು ಮುಟ್ಟಲು ಆಗದ ಸರ್ಕಾರ ಚಕ್ರ ಬರೆಸುವವರ ಮೇಲೆ ಬೀಳುವುದು ಯಾವ ನ್ಯಾಯ? ಲೈಸೆನ್ಸ್ ಬಂತೆಂದರೆ ಅದನ್ನು ಕೊಡಿಸುವ ಏಜೆಂಟರೂ ಬರುತ್ತಾರೆ. ಡ್ರೈವಿಂಗ್ ಲೈಸೆನ್ಸ್ ಮಾಡಿಸಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಆ ವೆಬಿನಾರ್ ಮಹಾಶಯ ಎಲ್ಲರಿಗಿಂತ ಮೊದಲು ಲೈಸೆನ್ಸ್ ಪಡೆದು, ಅದನ್ನೇ ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕುತ್ತಾನೆ.

ಅವನ ಮೇಲೆ ನನಗೂ ಕನಿಕರವಿಲ್ಲ. ಆದರೆ ಅವನು ಮಾಡುವುದು ಸುಳ್ಳು ಜಾಹೀರಾತು. ಅದಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಎಲ್ಲ ರ‍್ಯಾಂಕ್‌ಗಳೂ ನಮ್ಮವೇ ಎಂದು ಫೋಟೋ ಹಾಕಿಕೊಳ್ಳುತ್ತಿದ್ದ ಐಎಎಸ್ ಕೋಚಿಂಗ್ ಸೆಂಟರ್‌ಗಳಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದೇ ಕಾಯ್ದೆಯಲ್ಲಿ ಲಕ್ಷಗಟ್ಟಲೆ ದಂಡ ಹಾಕಿದೆ. 2024ರಲ್ಲಿ ಕೋಚಿಂಗ್ ಸೆಂಟರ್‌ಗಳಿಗೆಂದೇ ಮಾರ್ಗಸೂಚಿಯನ್ನೂ ತಂದಿತು. ಅಂಥದ್ದೇ ಒಂದು ಲೈಫ್ ಕೋಚ್‌ಗಳಿಗೂ ಬರಲಿ: ಹದಿನೈದು ನಿಮಿಷದ ಗಡಿಯಾರ ಇಡುವಂತಿಲ್ಲ, ಎರಡು ವಾರದೊಳಗೆ ಬೇಡ ಎಂದರೆ ದುಡ್ಡು ವಾಪಸ್.

ಪರ ವಾದದಲ್ಲಿ ನಾನು ತಳ್ಳಿಹಾಕಲಾಗದ್ದು ಕಾಯಿಲೆಯ ಮಾತು. ಅದಕ್ಕೂ ಲೈಸೆನ್ಸ್ ಮದ್ದಲ್ಲ, ಒಂದು ಒಪ್ಪಂದದ ಹಾಳೆ ಸಾಕು. ಮೊದಲ ದಿನವೇ ಅದಕ್ಕೆ ಇಬ್ಬರ ಸಹಿ ಬೀಳಲಿ. ಇದು ಚಿಕಿತ್ಸೆಯಲ್ಲ ಎಂದು ಅದರಲ್ಲಿ ಕನ್ನಡದಲ್ಲೇ ಬರೆದಿರಲಿ. ಎಷ್ಟು ಸಲ ಭೇಟಿ, ಎಷ್ಟು ಫೀಸು ಎಂದೂ ಇರಲಿ. ಎರಡು ವಾರ ನಿದ್ದೆ, ಊಟ ಕೆಟ್ಟಿದ್ದರೆ, ಸಾಯುವ ಯೋಚನೆ ಬಂದಿದ್ದರೆ ಕೋಚಿಂಗ್ ಅಲ್ಲಿಗೇ ನಿಲ್ಲಿಸಿ ಡಾಕ್ಟರ್ ಹತ್ತಿರ ಕಳಿಸುತ್ತೇನೆ ಎಂಬ ಮಾತಿರಲಿ. ಕೆಳಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಇರಲಿ, ಆ ಕರೆಗೆ ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಸಹಿ ಹಾಕಲು ಹಿಂದೆ ಮುಂದೆ ನೋಡುವ ಕೋಚ್ ಸಿಕ್ಕರೆ, ಫೀಸು ಕಟ್ಟುವ ಮೊದಲೇ ಎದ್ದು ಬರಬಹುದು.